ಎಲ್ಲಿಂದ ಎಣಿಸಬೇಕು?

ಬಹಳ ದಿನ ಆಯ್ತು ಈ ಕಡೆ ತಲೆ ಹಾಕಿ. ಬ್ಲಾಗಿನ ತುಂಬಾ ಜೇಡರ ಬಲೆ! "ಏನ್ರೀ, ಬರೆಯೋದು ಬಿಟ್ರೇನು?" ಅಂತ ಇಬ್ಬರು ಮಿತ್ರರು ಕೇಳಿದ್ರು. ನಾನು ಬಿಟ್ಟಿಲ್ಲ, ಕೆಲಸ ಬಿಡ್ತಿಲ್ಲ ಅಷ್ಟೆ. ಹಾಗಿದ್ರೆ ಆ ಕೆಲಸದ ಬಗ್ಗೆಯೇ ಯಾಕೆ ಬರೀಬಾರದು ಅಂತ ಇವತ್ತು ಕೂತಿದ್ದೀನಿ.

ನನ್ನ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ಹೆಸರು ಹುಟ್ಟಿಲ್ಲ. ಹಾವೇರಿಯಲ್ಲಿ ವಕೀಲರದೊಂದು ಕಚೇರಿ. ನಾಲ್ಕು ಜನ ವಕೀಲರು, ಇಬ್ಬರು ಕಾರಕೂನರು, ಒಬ್ಬ ಟೈಪಿಸ್ಟು. ರಾಣೆಬೆನ್ನೂರು, ಬ್ಯಾಡಗಿಯಲ್ಲೂ ಅವರದೊಂದೊಂದು ಸಣ್ಣ ಕೋಣೆ. ಮೂರೂ ಊರಿನ ಕೇಸುಗಳು, ತಾರೀಖುಗಳು, ಕಕ್ಷಿದಾರರ ಹೆಸರು, ಫೀಸಿನ ಲೆಕ್ಕ, ಸ್ಕ್ಯಾನ್ ಮಾಡಿದ ಕಾಗದಪತ್ರ ಎಲ್ಲವೂ ಒಂದು ಸಾಫ್ಟ್‌ವೇರಿನಲ್ಲಿ ಇವೆ. ಅದನ್ನ ನೋಡಿಕೊಳ್ಳೋದು ನನ್ನ ಕೆಲಸ. ನಮ್ಮವ್ವ ಬೀಗರ ಮುಂದೆ "ಕೋರ್ಟಿನ್ಯಾಗ ಕಂಪ್ಯೂಟರ್ ನೋಡ್ಕೋತಾನ್ರಿ" ಅಂತ ಹೇಳಿಬಿಟ್ಟಿದ್ದಾಳೆ. ಅವತ್ತಿನಿಂದ ಉತಾರ ತೆಗೆಸಿಕೊಡು, ಕೇಸು ಎಲ್ಲಿಗೆ ಬಂತು ನೋಡು ಅಂತ ಫೋನು ನಿಂತಿಲ್ಲ :)

ಕೇಸಿನ ಕಥೆ ಹೇಳ್ತೀನಿ ಅಂದುಕೊಂಡು ಓದ್ತಾ ಇದ್ರೆ ಕ್ಷಮಿಸಿ. ಕಕ್ಷಿದಾರ ವಕೀಲರಿಗೆ ಹೇಳಿದ ಗುಟ್ಟನ್ನ ವಕೀಲರು ಹೊರಗೆ ಬಿಡೋ ಹಾಗಿಲ್ಲ ಅನ್ನೋದು ಹಳೇ ಸಾಕ್ಷ್ಯ ಕಾಯ್ದೆಯಲ್ಲೂ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲೂ ಇದೆ. ಆ ಕಟ್ಟು ವಕೀಲರ ಕಾರಕೂನರಿಗೂ ನೌಕರರಿಗೂ ಅನ್ವಯ. ಅಂದ್ರೆ ಪಾಸ್‌ವರ್ಡ್ ಇಟ್ಟುಕೊಂಡು ಕೂತಿರೋ ನನಗೂ. ಹಾಗಾಗಿ ಹೆಸರು, ಊರು, ಜಗಳ ಯಾವುದೂ ಇಲ್ಲಿಲ್ಲ. ಇರೋದು ಬರೀ ತಾರೀಖಿನ ಕಥೆ. ಆದ್ರೆ ವಕೀಲರ ಕಚೇರಿಯಲ್ಲಿ ತಾರೀಖಿಗಿಂತ ದೊಡ್ಡ ಕಥೆ ಇನ್ನೇನಿದೆ ಹೇಳಿ?

ಈ ಸಾಫ್ಟ್‌ವೇರ್ ಬರೋದಕ್ಕೆ ಮುಂಚೆ ಕಚೇರಿ ನಡೀತಿದ್ದದ್ದು ಡೈರಿಯ ಮೇಲೆ. ಹಿರಿಯ ಕಾರಕೂನರೊಬ್ಬರಿದ್ದಾರೆ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲದಿಂದ, ಅಂದ್ರೆ 1997ಕ್ಕೂ ಮೊದಲಿನಿಂದ ಇದೇ ಕೆಲಸ. ನಾವೆಲ್ಲ ಅವರನ್ನ ಕಾಕಾ ಅನ್ನೋದು. ಕಾಕಾನ ಡೈರಿಯಲ್ಲಿ ಮುಂದಿನ ತಾರೀಖು ನೀಲಿ ಶಾಯಿಯಲ್ಲಿ, ಅವಧಿ ಮುಗಿಯೋ ದಿನ ಕೆಂಪು ಶಾಯಿಯಲ್ಲಿ. ತಾರೀಖು ಬದಲಾದ್ರೆ ಹಳೇದಕ್ಕೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು. ಹೊಡೆದುಹಾಕಿದ್ದೂ ಓದೋಕೆ ಬರುತ್ತೆ. ಯಾರು ಬರೆದದ್ದು ಅಂತ ಅಕ್ಷರ ನೋಡಿದ್ರೆ ಗೊತ್ತಾಗುತ್ತೆ. ಇದು ಡೈರಿಯ ದೊಡ್ಡ ಗುಣ ಅಂತ ನನಗೆ ಗೊತ್ತಾದದ್ದು ಸಾಫ್ಟ್‌ವೇರ್ ಕೈಗೆ ಬಂದ ಮೇಲೆ. ಅಲ್ಲಿ ಹೊಸ ತಾರೀಖು ಬಂದ್ರೆ ಹಳೇದು ಕಾಣೆ! ಅಕ್ಷರ ಎಲ್ಲರದೂ ಒಂದೇ. ನಾನು ಬಂದು ಮೊದಲು ಮಾಡಿದ ಕೆಲಸವೇ ಅದು. ಯಾವ ತಾರೀಖೂ ಅಳಿಸಿಹೋಗಬಾರದು, ಬದಲಾಯಿಸಿದವರ ಹೆಸರು, ಹೊತ್ತು ಪಕ್ಕದಲ್ಲೇ ಉಳೀಬೇಕು ಅಂತ ಸೆಟ್ಟಿಂಗ್ ಮಾಡಿದೆ.

ಇನ್ನೊಂದು ವಿಷಯ ಕಾಕಾನಿಂದ ಬಂದದ್ದು. ಬ್ಯಾಡಗಿ ಅಂದ್ರೆ ಮೆಣಸಿನಕಾಯಿ, ನಿಮಗೆಲ್ಲ ಗೊತ್ತು. 2011ರಲ್ಲಿ ಜಿಐ ಮಾನ್ಯತೆ ಕೂಡ ಸಿಕ್ಕಿದೆ. ಹಂಗಾಮಿನಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಎಲ್ಲ ಮಾಲು ಬಂದು ಬೀಳುತ್ತೆ. ಎಲ್ಲಿ ಇಷ್ಟು ವ್ಯಾಪಾರ ಇರುತ್ತೋ ಅಲ್ಲಿ ಚೆಕ್ಕು ಇರುತ್ತೆ. ಚೆಕ್ಕು ಇದ್ದಲ್ಲಿ ಚೆಕ್ ಬೌನ್ಸೂ ಇರುತ್ತೆ. ಬ್ಯಾಡಗಿ ಕೋಣೆಯ ಫೈಲುಗಳಲ್ಲಿ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನವೇ ಜಾಸ್ತಿ.

ಈ 138 ಒಂಥರಾ ಮೆಟ್ಟಿಲಿದ್ದ ಹಾಗೆ. ಚೆಕ್ಕು ವಾಪಸ್ ಬಂತು ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು ಕೊಡಬೇಕು. ನೋಟಿಸು ಅವರ ಕೈಸೇರಿದ ಮೇಲೆ ದುಡ್ಡು ಕೊಡೋಕೆ 15 ದಿನ. ಅಷ್ಟರಲ್ಲಿ ಕೊಡದಿದ್ರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ದಾಖಲಾಗಬೇಕು. ಸಾಫ್ಟ್‌ವೇರ್ ಮಾರಿದ ಕಂಪನಿಯವರು ಈ ಮೂರನ್ನೂ ಹಾಕಿಕೊಟ್ಟಿದ್ರು: 30, 15, 30. ಬ್ಯಾಡಗಿಯಲ್ಲಿ ಶುರು ಮಾಡೋಕೆ ಮುಂಚೆ ನಾನು ಸುಳ್ಳು ಫೈಲು ಒಂದು ಮಾಡಿ ಪರೀಕ್ಷೆ ಮಾಡ್ತಿದ್ದೆ. ಕಾಕಾ ಕನ್ನಡಕ ಏರಿಸಿ ಪರದೆ ನೋಡಿದ್ರು.

"ತಮ್ಮಾ, ಕಡೀದು ಮೂವತ್ತು ದಿನಾ ಅಲ್ಲಪಾ. ಒಂದ್ ತಿಂಗಳಾ."

"ಎರಡೂ ಒಂದ ಅಲ್ಲೇನ್ರಿ ಕಾಕಾ?"

"ಫೆಬ್ರವರಿ ಪಗಾರ ಎರಡ ದಿನದ್ದು ಮುರಕೊಂಡು ಕೊಟ್ರ ಸುಮ್ನ ಇರ್ತಿಯೇನು?"

ಕೂತು ಲೆಕ್ಕ ಹಾಕಿದ್ವಿ. ನೋಟಿಸು 2025ರ ಜನವರಿ 16ಕ್ಕೆ ಕೈಸೇರಿತು ಅಂತಿಟ್ಟುಕೊಳ್ಳಿ. ಆ ದಿನ ಬಿಟ್ಟು 15 ದಿನ ಅಂದ್ರೆ ಜನವರಿ 31. ಫೆಬ್ರವರಿ 1ಕ್ಕೆ ದೂರು ಕೊಡೋ ಹಕ್ಕು ಹುಟ್ಟಿತು. ಹಕ್ಕು ಹುಟ್ಟಿದ ದಿನವನ್ನ ಎಣಿಕೆಗೆ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟು 2013ರಲ್ಲಿ ಎಕಾನ್ ಆಂತ್ರಿ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಒಂದು ತಿಂಗಳು ಮುಗಿಯೋದು ಮಾರ್ಚ್ 1, ಶನಿವಾರ. ತಿಂಗಳ ಮೊದಲ ಶನಿವಾರ, ಕೋರ್ಟಿಗೆ ರಜೆ ಇಲ್ಲ. ಸಾಫ್ಟ್‌ವೇರ್ 30 ದಿನ ಎಣಿಸಿ ತೋರಿಸಿದ್ದು ಮಾರ್ಚ್ 3, ಸೋಮವಾರ. ಎರಡು ದಿನ ತಡ! ತಕ್ಕ ಕಾರಣ ತೋರಿಸಿದ್ರೆ ಕೋರ್ಟು ತಡವನ್ನ ಮನ್ನಿಸಬಹುದು, ಅದಕ್ಕೆ ಕಾಯ್ದೆಯಲ್ಲಿ ದಾರಿ ಇದೆ. ಆದ್ರೆ "ನಮ್ಮ ಕಂಪ್ಯೂಟರು ಹಂಗ ತೋರಿಸ್ತು ಸ್ವಾಮಿ" ಅನ್ನೋದು ತಕ್ಕ ಕಾರಣವೇ? ಮಾಲು ಕೊಟ್ಟು ದುಡ್ಡಿಗೆ ಕಾಯ್ತಾ ಕೂತವನಿಗೆ ಅದನ್ನ ಯಾರು ಹೇಳಬೇಕು?

ಒಂದೇ ಕಾಯ್ದೆಯಲ್ಲಿ ಒಂದು ಕಡೆ ದಿನ, ಇನ್ನೊಂದು ಕಡೆ ತಿಂಗಳು. ಕಂಪನಿಯವರಿಗೆ ಬರೆದು ಆ ನಿಯಮ ತಿದ್ದಿಸಿದ್ದಾಯ್ತು. ಬ್ಯಾಡಗಿಯ ಹಂಗಾಮು ಬರೋದೇ ಜನವರಿ, ಫೆಬ್ರವರಿಯ ಸುತ್ತಮುತ್ತ ಅನ್ನೋದನ್ನ ನೆನೆದು ಆಮೇಲೆ ಮೈ ಜುಂ ಅಂತು.

ಇಷ್ಟಾದ ಮೇಲೆ ನನಗೆ ಹೊಳೆದದ್ದು ಇದು. ಎಣಿಸೋದರಲ್ಲಿ ಕಂಪ್ಯೂಟರನ್ನ ಯಾರೂ ಮೀರಿಸಲ್ಲ. ಎಲ್ಲಿಂದ ಎಣಿಸಬೇಕು ಅನ್ನೋದು ಮಾತ್ರ ಅದಕ್ಕೆ ಗೊತ್ತಿಲ್ಲ. ಅದು ಮನುಷ್ಯರಿಂದಲೇ ಬರಬೇಕು. ನನ್ನ ಕೆಲಸದ ತಿರುಳು ಇಷ್ಟೇ ನೋಡಿ, ಆ ಮನುಷ್ಯ ಮಾತು ಸಾಫ್ಟ್‌ವೇರಿನಲ್ಲಿ ಕಳೆದುಹೋಗದ ಹಾಗೆ ಕಾಯೋದು.

ಅಪೀಲಿನ ವಿಷಯ ತಗೊಳ್ಳಿ. ಜಿಲ್ಲಾ ಕೋರ್ಟಿಗೆ ಸಿವಿಲ್ ಅಪೀಲು ಹಾಕೋಕೆ 30 ದಿನ, ಹೈಕೋರ್ಟಿಗೆ 90 ದಿನ. ಹೈಕೋರ್ಟು ಅಂದ್ರೆ ನಮಗೆ ಈಗ ಧಾರವಾಡ. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದೇ ಕಾಯಂ ಆಯ್ತು. ಅದಕ್ಕೂ ಮುಂಚೆ ಎಲ್ಲಕ್ಕೂ ಬೆಂಗಳೂರು, ರಾತ್ರಿ ಬಸ್ಸು, ಕಂಕುಳಲ್ಲಿ ಫೈಲು. ಇರಲಿ. ತೀರ್ಪಿನ ನಕಲು ಪಡೆಯೋಕೆ ಹಿಡಿದ ಕಾಲವನ್ನ ಈ ಅವಧಿಯಿಂದ ಕಳೀಬೇಕು ಅಂತ ಅವಧಿ ಕಾಯ್ದೆಯ 12ನೇ ಕಲಮು ಹೇಳುತ್ತೆ. ಅಂದ್ರೆ ತೀರ್ಪಿನ ದಿನ ಒಂದೇ ಇದ್ರೆ ಸಾಲದು. ನಕಲಿಗೆ ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಇವೂ ಬೇಕು. ಇವು ಎಲ್ಲಿರ್ತಾವೆ? ನಕಲಿನ ಹಿಂಬದಿಯ ಮುದ್ರೆಯಲ್ಲಿ. ಅದನ್ನ ಯಾರಾದರೂ ತಿರುಗಿಸಿ ನೋಡಿ ತುಂಬಬೇಕು.

ಕೋವಿಡ್ ಕಾಲದಲ್ಲಿ ಇನ್ನೂ ಮಜಾ. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನ ಅವಧಿಯ ಲೆಕ್ಕದಿಂದ ಬಿಡಬೇಕು ಅಂತ ಸುಪ್ರೀಂ ಕೋರ್ಟು ಆದೇಶ ಮಾಡಿತು. ಲೆಕ್ಕ ಹಾಕಿದ್ರೆ 716 ದಿನ. ಆ ನಡುವೆ ಅವಧಿ ಮುಗಿದಿದ್ದವರಿಗೆ 2022ರ ಮಾರ್ಚ್ 1ರಿಂದ 90 ದಿನ ಸಿಕ್ಕಿತು, ಬಾಕಿ ಉಳಿದದ್ದು ಅದಕ್ಕಿಂತ ಜಾಸ್ತಿ ಇದ್ರೆ ಅಷ್ಟೂ ಸಿಕ್ಕಿತು. ಕ್ಯಾಲೆಂಡರಿನಲ್ಲಿ 716 ದಿನದ ತೂತು!

ಇಷ್ಟೆಲ್ಲಾ ಹೇಗೋ ನಿಯಮ ಮಾಡಿ ಹಾಕಬಹುದು. ಹಾಕೋಕೆ ಆಗದ್ದೂ ಒಂದಿದೆ.

ನಮ್ಮ ಕಡೆ ಅಣ್ಣತಮ್ಮಂದಿರ ಪಾಲಿನ ದಾವೆ ಅಂದ್ರೆ ವರ್ಷಗಟ್ಟಲೆ ನಡಿಯೋದು. ದಾವೆ ಹಾಕಿದ ಯಜಮಾನರಿಗೆ ಅವತ್ತೇ ಅರವತ್ತು ದಾಟಿರುತ್ತೆ. ನಡುವೆ ಅವರು ತೀರಿಕೊಂಡ್ರೆ 90 ದಿನದೊಳಗೆ ವಾರಸುದಾರರನ್ನ ದಾವೆಗೆ ಸೇರಿಸೋಕೆ ಅರ್ಜಿ ಹಾಕಬೇಕು. ಇಲ್ಲದಿದ್ರೆ ಅವರ ಮಟ್ಟಿಗೆ ದಾವೆ ತಾನಾಗೇ ಬಿದ್ದುಹೋಗುತ್ತೆ. ಮತ್ತೆ ಅದನ್ನ ಎಬ್ಬಿಸೋಕೆ 60 ದಿನ. ಎಲ್ಲಿಂದ ಎಣಿಸಬೇಕು? ಸತ್ತ ದಿನದಿಂದ. ಆದ್ರೆ ಸತ್ತದ್ದನ್ನ ಕಚೇರಿಗೆ ಯಾರು ಹೇಳ್ತಾರೆ? ಮನೆಯವರು ದುಃಖದಲ್ಲಿರ್ತಾರೆ. ದಿನಕರ್ಮ ಆಗಬೇಕು, ಖಾತೆ ಬದಲಾಗಬೇಕು. "ವಕೀಲರ ಕಡೆ ಹೋದ್ರಾತು ಬಿಡು, ತಾರೀಖು ಇನ್ನೂ ದೂರ ಐತಿ" ಅಂದುಕೊಂಡಿರ್ತಾರೆ. ಸಾಫ್ಟ್‌ವೇರಿನಲ್ಲಿ ಆ ಫೈಲಿನ ಪಕ್ಕ ಹಸಿರು ಗುರುತು. ಎಲ್ಲ ಸರಿ ಇದೆ ಅಂತ!

ಕಾಕಾನಿಗೆ ಮಾತ್ರ ಗೊತ್ತಾಗುತ್ತೆ. ಸಂತೆ ದಿನ ಆ ಊರಿನವರು ಯಾರಾದರೂ ಸಿಕ್ಕೇ ಸಿಗ್ತಾರೆ. ಬಸ್ ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಶ್ರದ್ಧಾಂಜಲಿ ಪೋಸ್ಟರು ಓದದೆ ಅವರು ಮುಂದೆ ಹೋಗಲ್ಲ. ನಾನು ಮೊದಲು ಇದು ಹವ್ಯಾಸ ಅಂದುಕೊಂಡು ನಗ್ತಿದ್ದೆ. ಅದೇ ಅವರ ಆಫೀಸು ಕೆಲಸ! ಈಗ ಫೈಲಿನಲ್ಲಿ ಕಕ್ಷಿದಾರರ ವಯಸ್ಸಿನ ಕಾಲಂ ಇದೆ, ಮರಣದ ದಿನಾಂಕದ್ದೂ ಇದೆ, ಪ್ರತಿ ಫೈಲಿಗೂ "ಕೊನೆಗೆ ಮಾತಾಡಿಸಿದ್ದು ಯಾವಾಗ" ಅನ್ನೋ ಕಾಲಮ್ಮೂ ಇದೆ. ಹಿರಿಯರ ಫೈಲನ್ನ ತಿಂಗಳಾದ್ರೂ ಯಾರೂ ಮಾತಾಡಿಸದಿದ್ರೆ ಅದು ಹಳದಿಯಾಗುತ್ತೆ. ಫೋನು ಮಾಡಿ "ಹೆಂಗದೀರಿ ಯಜಮಾನ್ರ?" ಅಂತ ಕೇಳಬೇಕು, ಅಷ್ಟೆ.

ನಾವು ಬ್ಲಾಗಿಗರಿಗೆ ಹತ್ತಿರದ ಒಂದು ಸಂಕಟ ಹೇಳ್ತೀನಿ. ಹಳೇ ಫೈಲುಗಳೆಲ್ಲ ನುಡಿಯಲ್ಲಿ ಟೈಪಾದವು, ಯೂನಿಕೋಡಿಗೂ ಮುಂಚಿನವು. ಫಾಂಟು ತೆಗೆದ್ರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಎಲ್ಲ ಪರಿವರ್ತಿಸಿ ಯೂನಿಕೋಡಿಗೆ ತಂದ ಮೇಲೂ ಹುಡುಕಿದ್ರೆ ಸಿಗಲ್ಲ. ಕಣ್ಣಿಗೆ ಒಂದೇ ಥರ ಕಾಣೋ "ಕೋ" ಕಂಪ್ಯೂಟರಿನೊಳಗೆ ಒಂದು ಕಡೆ ಒಂದೇ ಚಿಹ್ನೆಯ ಓಕಾರ, ಇನ್ನೊಂದು ಕಡೆ ತುಂಡು ತುಂಡು ಜೋಡಿಸಿದ ಓಕಾರ. ನಡುವೆ ಕಣ್ಣಿಗೆ ಕಾಣದ ಸೇರಿಸೋ, ಬಿಡಿಸೋ ಗುರುತುಗಳು ಬೇರೆ. ಊರಿನ ಹೆಸರೋ, ಕೇಳಲೇಬೇಡಿ. ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರು, ರಾಣೆಬೆನ್ನೂರ. ಬ್ಯಾಡಗಿ, ಬ್ಯಾಡ್ಗಿ.

ಇದು ಬರೀ ಕಾಗುಣಿತದ ಜಗಳ ಆಗಿದ್ರೆ ಬಿಡಬಹುದಿತ್ತು. ಒಬ್ಬರ ಪರವಾಗಿ ಸಲಹೆ ಕೊಟ್ಟ ವಕೀಲರು ಅದೇ ಕೇಸಿನಲ್ಲಿ ಎದುರಾಳಿಯ ಪರ ನಿಲ್ಲೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ ಇದೆ. ರಾಣೆಬೆನ್ನೂರಿನಲ್ಲಿ ಅಣ್ಣ ಬಂದು ಮಾತಾಡಿ ಹೋಗಿರ್ತಾನೆ, ಹಾವೇರಿಯಲ್ಲಿ ತಮ್ಮ ಬಂದು ಕೂತಿರ್ತಾನೆ. ಹೆಸರು ಹುಡುಕಿದಾಗ "ಯಾರೂ ಇಲ್ಲ" ಅಂತ ಬಂದ್ರೆ ತಮ್ಮನೂ ತನ್ನ ಮನಸ್ಸಿನಲ್ಲಿರೋದನ್ನೆಲ್ಲ ಹೇಳಿಬಿಡ್ತಾನೆ. ಆಮೇಲೆ ವಾಪಸ್ ತಗೊಳ್ಳೋಕೆ ಅದು ಕಾಗದ ಅಲ್ಲವಲ್ಲ. ಅದಕ್ಕೇ ಹುಡುಕೋ ಮುಂಚೆ ಅಕ್ಷರಗಳನ್ನೆಲ್ಲ ಒಂದೇ ಅಚ್ಚಿಗೆ ತರೋ ಏರ್ಪಾಟು ಮಾಡಿದ್ದೀನಿ. ಹೆಸರಿನ ಜೊತೆ ತಂದೆಯ ಹೆಸರು, ಊರು, ಸರ್ವೆ ನಂಬರ್ ಮೂರೂ ತಾಳೆ ನೋಡುತ್ತೆ. ಒಂದೇ ಊರಲ್ಲಿ ಒಂದೇ ಹೆಸರಿನವರು ನಾಲ್ಕು ಜನ ಇರೋ ಸೀಮೆ ನಮ್ಮದು. ಸರ್ವೆ ನಂಬರೇ ಕೊನೆಗೆ ಕೈ ಹಿಡಿಯೋದು.

ಇನ್ನು ಕಲಮುಗಳ ಗೋಳು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 420 ಅನ್ನೋದು ಬೈಗುಳವಾಗಿ ಉಳಿದುಕೊಂಡಿದೆ, ಹೊಸ ಕೇಸಿಗೆ ಮಾತ್ರ ಅದು 318(4). ಎಲ್ಲ ಹಳೇ ನಂಬರನ್ನ ಹೊಸದಕ್ಕೆ ಒಂದೇ ಏಟಿಗೆ ಬದಲಾಯಿಸಿಬಿಡಿ ಅಂದ ಕಿರಿಯ ವಕೀಲರೂ ಇದ್ರು. ಹಾಗೆ ಮಾಡೋಕೆ ಬರಲ್ಲ. ಬ್ಯಾಡಗಿಯವರಿಗೆ ಒಂದು ಉದಾಹರಣೆ ಹೇಳಿದ್ರೆ ಸಾಕು. 2024ರ ಮಾರ್ಚ್ 11, ಸೋಮವಾರ, ಮೆಣಸಿನಕಾಯಿ ದರ ಕುಸಿಯಿತು ಅಂತ ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ರು, ವಾಹನಗಳಿಗೆ ಬೆಂಕಿ ಬಿತ್ತು. ಪೇಪರಿನಲ್ಲಿ ನೀವೂ ಓದಿರ್ತೀರಿ. ಆ ದಿನ ನಡೆದದ್ದರ ವಿಚಾರಣೆ ಯಾವ ವರ್ಷ ನಡೆದ್ರೂ ಅಪರಾಧದ ಕಲಮು ಐಪಿಸಿಯದೇ. ಇಲ್ಲೂ ಅದೇ ಪ್ರಶ್ನೆ, ಎಲ್ಲಿಂದ ಎಣಿಸಬೇಕು? ಘಟನೆ ನಡೆದ ದಿನದಿಂದ. ಹೀಗಾಗಿ ನಮ್ಮಲ್ಲಿ ಘಟನೆಯ ದಿನಾಂಕ ಹಾಕದೆ ಕ್ರಿಮಿನಲ್ ಫೈಲು ತೆರೆಯೋದೇ ಇಲ್ಲ.

ಆ ಬೆಂಕಿಯ ಫೋಟೋ ನೋಡಿದ ವಾರವೇ ನಾನು ಬ್ಯಾಕಪ್ಪಿನ ಏರ್ಪಾಟನ್ನೂ ಬಿಗಿ ಮಾಡಿದೆ. ಹಾವೇರಿಯದರ ಒಂದು ಪ್ರತಿ ರಾಣೆಬೆನ್ನೂರಿನಲ್ಲಿ, ಇನ್ನೊಂದು ಜಿಲ್ಲೆಯಿಂದಲೇ ಹೊರಗೆ. ಎರಡಕ್ಕೂ ಬೀಗ. ಪ್ರತಿ ಎರಡನೇ ಶನಿವಾರ, ಕೋರ್ಟಿಗೆ ರಜೆ ಇದ್ದಾಗ, ಒಂದು ಪ್ರತಿಯನ್ನ ಬೇರೆ ಮೆಷಿನ್ನಿಗೆ ಹಾಕಿ ನಿಜವಾಗಿ ತೆರೆದು ನೋಡ್ತೀನಿ. ಹತ್ತು ಫೈಲು ಆರಿಸಿ ಡೈರಿಯ ಜೊತೆ ತಾಳೆ ಮಾಡ್ತೀನಿ. ತೆರೆದು ನೋಡದ ಬ್ಯಾಕಪ್ಪು ಬಿತ್ತಿ ನೋಡದ ಬೀಜ ಇದ್ದ ಹಾಗೆ. ರಾಣೆಬೆನ್ನೂರಿನ ಬೀಜದಂಗಡಿಯವರನ್ನ ಕೇಳಿ, ಹೇಳ್ತಾರೆ :)

ಇ-ಕೋರ್ಟ್ಸ್ ಇದೆಯಲ್ಲ, ಇನ್ನ ನಿಮ್ಮ ಸಾಫ್ಟ್‌ವೇರ್ ಯಾಕೆ ಅಂತ ಕೇಳೋರಿದ್ದಾರೆ. ಅದು ದೊಡ್ಡ ಉಪಕಾರ, ಸುಳ್ಳಲ್ಲ. ಪ್ರತಿ ಕೇಸಿಗೂ 16 ಅಕ್ಷರದ ಸಿಎನ್‌ಆರ್ ನಂಬರ್ ಇದೆ. ಅದನ್ನ ಹಾಕಿದ್ರೆ ಹಳ್ಳಿಯಲ್ಲಿ ಕೂತ ರೈತನ ಮಗಳು ಮೊಬೈಲಿನಲ್ಲೇ ಅಪ್ಪನ ಮುಂದಿನ ತಾರೀಖು ನೋಡಬಹುದು. ನಾವು ಪ್ರತಿ ಕಕ್ಷಿದಾರರಿಗೂ ಆ ನಂಬರನ್ನ ಒಂದು ಚೀಟಿಯಲ್ಲಿ ಬರೆದು ಕೊಡ್ತೀವಿ. ಆದ್ರೆ ಅಲ್ಲಿ ಸಿಗೋದು ಕೋರ್ಟು ಕೊಟ್ಟ ತಾರೀಖು. ಇನ್ನೂ ಕೋರ್ಟಿಗೆ ಹೋಗದ ಕೇಸಿನ ಕೊನೇ ದಿನ, ಹಾಕಬೇಕಾದ ಅಪೀಲಿನ ಕೊನೇ ದಿನ ಅಲ್ಲಿರಲ್ಲ. ಅವು ವಕೀಲರ ಕಚೇರಿಯೇ ಕಾಯಬೇಕಾದ ದಿನಗಳು.

ಇಷ್ಟೆಲ್ಲ ಈಗ ಯಾಕೆ ಬರೆದೆ ಅಂದ್ರೆ, ಕಾಕಾ ಬರೋ ಯುಗಾದಿಗೆ ಕೆಲಸ ಬಿಡ್ತಾರೆ. ಕಣ್ಣು ಸರಿಯಾಗಿ ಕಾಣ್ತಿಲ್ಲ. ಹಿರಿಯ ವಕೀಲರು ಮೊನ್ನೆ, "ಡೈರಿನೂ ಅವತ್ತಿಗೇ ನಿಲ್ಲಿಸಿಬಿಡೂಣು, ಎಲ್ಲಾ ಕಂಪ್ಯೂಟರಿನ್ಯಾಗ ಐತಲ್ಲ" ಅಂದ್ರು. ಸಾಫ್ಟ್‌ವೇರ್ ನೋಡಿಕೊಳ್ಳೋನು ನಾನು, ಖುಷಿ ಪಡಬೇಕಿತ್ತು. ನಾನೇ ಬೇಡ ಅಂದೆ. "ಸರ್, ಇನ್ನೊಂದು ವರ್ಷ ಡೈರಿ ಇರ್ಲಿ. ಮತ್ತ ಕಂಪ್ಯೂಟರಿನ್ಯಾಗ ಪ್ರತಿ ತಾರೀಖಿನ ಪಕ್ಕ ಎಲ್ಲಿಂದ ತಂದದ್ದು ಅಂತ ಬರೀಲೇಬೇಕು ಅಂತ ಮಾಡೂಣ್ರಿ. ಕೋರ್ಟಿನ್ಯಾಗ ಕೇಳಿದ್ದೋ, ನಕಲಿನ ಮುದ್ರಿ ನೋಡಿದ್ದೋ, ಫೋನಿನ್ಯಾಗ ಹೇಳಿದ್ದೋ." ಕಿರಿಯ ವಕೀಲರಿಗೆ ಇಷ್ಟ ಆಗಲಿಲ್ಲ, ಒಂದು ಸಾಲು ಜಾಸ್ತಿ ಟೈಪು ಮಾಡಬೇಕಲ್ಲ! ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು, ಒಂದ್ ವರ್ಷ" ಅಂದ್ರು.

ಈಗ ಕಾಕಾನೂ ನಾನೂ ಬಿಡುವಾದಾಗ ಕೂತು ಒಂದು ಪಟ್ಟಿ ಬರೀತಿದ್ದೀವಿ. ಎಲ್ಲಿಂದ ಎಣಿಸಬೇಕು ಅನ್ನೋ ಪಟ್ಟಿ. ಇವತ್ತಿಗೆ ಮೂವತ್ತೊಂದು ಸಾಲಾಗಿದೆ. ಕೆಲವು ಸಲೀಸಾಗಿ ಸಾಫ್ಟ್‌ವೇರಿಗೆ ಹೋದ್ವು. "ಸಂತೆಗೆ ಬಂದವರನ್ನ ಮಾತಾಡಿಸದೆ ಕಳಿಸಬಾರದು" ಅನ್ನೋ ಸಾಲಿಗೆ ಮಾತ್ರ ಏನು ಕಾಲಂ ಮಾಡಬೇಕು ಅಂತ ನನಗೆ ಹೊಳೆದಿಲ್ಲ. ಸದ್ಯಕ್ಕೆ ಕಿರಿಯ ಕಾರಕೂನನನ್ನ ಸಂತೆ ದಿನ ಕಾಕಾನ ಹಿಂದೆ ಕಳಿಸ್ತಿದ್ದೀವಿ. ಮೊದಲ ವಾರ ಬರೀ ಬದನೆಕಾಯಿ ತಂದ. ಕಳೆದ ವಾರ ಬದನೆಕಾಯಿಯ ಜೊತೆ ಒಂದು ತಾರೀಖೂ ತಂದ.